ಕೊನೆಯ ಬೆಂಚು

ಕಾರಿನ ಹಾರ್ನ್ ಮೂರನೇ ಸಲ ಕೂಗಿದಾಗ ಲಿಫ್ಟಣ್ಣ ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡಿದವನಿಗೆ ಗೆಳೆಯರಿಟ್ಟ ಹೆಸರು ಅದು. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷ ಅವನ ಭಾನುವಾರಗಳೆಲ್ಲ ಈ ಗೆಳೆಯರ ಪಾಲು: ಇಸ್ಪೀಟು, ಬಾಟಲಿ, ಹೊಟ್ಟೆ ಹುಣ್ಣಾಗುವಷ್ಟು ನಗು. ಅವರು ಹೊರಟ ಮೇಲೆ ಒಬ್ಬನೇ ಲೋಟ ತೊಳೆಯುವಾಗ ಮಾತ್ರ ಮನೆ ಭಣಭಣ ಅನ್ನುತ್ತಿತ್ತು.

"ಏನಯ್ಯಾ, ಮದುಮಗನ ಥರ ರೆಡಿ ಆಗಿದೀಯ! ಹತ್ತು, ಕೆರೆ ಹತ್ರ ಹೋಗೋಣ," ಎಂದ ಕಾರಿನಲ್ಲಿದ್ದ ಡುಮ್ಮ.

"ನಾನು ಚರ್ಚಿಗೆ ಹೊರಟಿದೀನಿ ಕಣೋ."

ಹಿಂದೆ ಕೂತವರು ಗೊಳ್ಳೆಂದು ನಕ್ಕರು. ಡುಮ್ಮ ನಗಲಿಲ್ಲ. "ನಿನ್ನ ತಲೇಲಿ ಯಾರೋ ಹುಳ ಬಿಟ್ಟಿದ್ದು?"

ಬಿಟ್ಟವಳು ಒಬ್ಬ ಅಜ್ಜಿ. ಹೋದ ತಿಂಗಳು ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ರಿಪೇರಿಗೆ ಹೋದ ಲಿಫ್ಟಣ್ಣ ಬಾಗಿಲ ಸಂದಿನಿಂದ ಟಾರ್ಚು ಬಿಟ್ಟರೆ, ಗಾಲಿಕುರ್ಚಿಯಲ್ಲಿದ್ದ ಅಜ್ಜಿ, ಅಳುತ್ತಿದ್ದ ನರ್ಸಿನ ಕೈ ಹಿಡಿದುಕೊಂಡು ಮೆಲ್ಲಗೆ ಕೀರ್ತನೆ ಹಾಡುತ್ತಿದ್ದಳು.

"ಭಯ ಆಗ್ತಿಲ್ವಾ ಅಜ್ಜಿ?"

"ಆಗ್ತಿದೆಯಪ್ಪಾ. ಆದ್ರೆ ಯೇಸು ಜೊತೇಲಿದಾನಲ್ಲ. ನೀನು ನಿಧಾನಕ್ಕೆ ಮಾಡು."

ಲಿಫ್ಟು ಮೇಲೆ ಬಂದು ಬಾಗಿಲು ತೆರೆದಾಗ ಅವಳ ಮುಖ ನೋಡಿ ಅವನಿಗೆ ಹೊಟ್ಟೆಕಿಚ್ಚಾಗಿತ್ತು. ಅಷ್ಟು ನಕ್ಕ ಭಾನುವಾರಗಳಲ್ಲಿ ಒಂದಾದರೂ ಆ ನೆಮ್ಮದಿ ಕೊಟ್ಟಿರಲಿಲ್ಲ.

"ಸರಿ. ಇನ್ಮೇಲೆ ನಾವು ಬರಲ್ಲ ಬಿಡು," ಎಂದ ಡುಮ್ಮ. ಕಾರು ಹೊರಟಿತು. ಲಿಫ್ಟಣ್ಣನ ಕೈ ತಾನಾಗಿ ಮೇಲೆದ್ದಿತು; ತಡೆಯಲೋ, ಬೀಳ್ಕೊಡಲೋ ಅವನಿಗೇ ತಿಳಿಯಲಿಲ್ಲ.

ಚರ್ಚಿನಲ್ಲಿ ಅವನನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತ. ಎಲ್ಲರೂ ಎದ್ದ ಮೇಲೆ ಎದ್ದ, ಕೂತ ಮೇಲೆ ಕೂತ. ಹಾಡು ಬಾಯಿಗೆ ಬರಲಿಲ್ಲ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಹೆಂಡತಿಯ ಕೊನೆಯ ದಿನಗಳ ಕೆಮ್ಮು ಮಾತ್ರ ಕೇಳಿಸಿತು. ಆರಾಧನೆ ಮುಗಿದು ಜನ ತಮ್ಮ ತಮ್ಮ ಮಕ್ಕಳುಮರಿಗಳ ಜೊತೆ ಮಾತಾಡುತ್ತ ಹೊರಗೆ ನಡೆದರು. ಅವನು ಏಳಲಿಲ್ಲ.

ಚರ್ಚು ನೋಡಿಕೊಳ್ಳುವ ಮುದುಕ ಒಂದೊಂದೇ ಕಿಟಕಿ ಮುಚ್ಚುತ್ತ ಅವನ ಹತ್ತಿರ ಬಂದ. "ಯಾರಿಗಾದ್ರೂ ಕಾಯ್ತಿದೀರಾ?"

"ಏನು ಕೇಳ್ಬೇಕು, ಹೇಗೆ ಕೇಳ್ಬೇಕು, ಒಂದೂ ಗೊತ್ತಾಗ್ತಿಲ್ಲ," ಎಂದ ಲಿಫ್ಟಣ್ಣ. "ಸ್ವಲ್ಪ ಹೊತ್ತು ಸುಮ್ನೆ ಕೂತಿರ್ಲಾ?"

ಮುದುಕ ಬೆಂಚಿನ ಪಕ್ಕದ ಕಿಟಕಿಯನ್ನು ಹಾಗೇ ತೆರೆದಿಟ್ಟು, ಚಪ್ಪಲಿಯ ಸದ್ದಾಗದಂತೆ ಹೊರಗೆ ಹೋದ.