ಹೊರಗಿನ ಖೋಲಿ

ತಂಗಿ ಸೋನಲ ಫೋನ್ ಮಾಡಿದಾಗ ನಾನು ಹೊರಗಿನ ಖೋಲಿಯಲ್ಲಿ ಅಂಗಾತ ಮಲಗಿ, ಎರಡೂ ಕಾಲು ಗೋಡೆಗೆ ಆನಿಸಿಕೊಂಡು, ಹುರಿದ ಶೇಂಗಾ ತಿನ್ನುತ್ತಿದ್ದೆ.

"ಅಕ್ಕಾ, ಕಾಲ ಕೆಳಗ ಇಡು," ಎಂದಳು.

ಅವಳಿರುವುದು ಗಡಹಿಂಗ್ಲಜದಲ್ಲಿ, ಅಲ್ಲಿನ ಕಾಲೇಜೊಂದರಲ್ಲಿ ಅಕೌಂಟ್ಸ್ ಕಲಿಸುತ್ತಾಳೆ. ನಾನಿರುವುದು ಅಲ್ಲಿಂದ ಎರಡು ತಾಸಿನ ದಾರಿ ದೂರದ ಇಚಲಕರಂಜಿಯ ಗಂಡನ ಮನೆಯಲ್ಲಿ. ಇವಳಿಗೇನು ತಲೆ ಕೆಟ್ಟಿದೆಯೇ ಅಂದುಕೊಂಡೆ.

"ಯಾಕ?"

"ಮೊದಲ ಇಡು. ಎದ್ದು ಬಾಗಲಾ ಹಾಕ್ಕೊ. ಹೊರಗ ಮಾರಿ ತೋರಸಬ್ಯಾಡ." ನಾನು ಎದ್ದು ಬಾಗಿಲು ಹಾಕಿದೆ. "ಹಾಂ, ಹಾಕಿದಿ. ಕಾಣಾಕತ್ತೇತಿ," ಎಂದಳು.

ಬಾಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು.

ಅವರ ಕಾಲೇಜಿಗೆ ಆವತ್ತು ಕೊಲ್ಲಾಪುರದಿಂದ ಒಬ್ಬ ತಜ್ಞರು ಬಂದಿದ್ದರು. ಇಂಟರ್‌ನೆಟ್ಟಿನಲ್ಲಿ ಜೋಪಾನವಾಗಿರುವುದು ಹೇಗೆ ಎಂದು ಭಾಷಣ. ನಡುವೆ ದೊಡ್ಡ ಪರದೆಯ ಮೇಲೆ ಒಂದು ವೆಬ್‌ಸೈಟ್ ತೆರೆದು, ಇವು ಪಾಸ್‌ವರ್ಡ್ ಇಲ್ಲದೆ ಬಿಟ್ಟ ಕ್ಯಾಮೆರಾಗಳು, ಯಾವ ದೇಶದಲ್ಲಿ ಕೂತವರಾದರೂ ನೋಡಬಹುದು, ದೂರ ಯಾಕೆ, ನಮ್ಮ ಜಿಲ್ಲೆಯವೇ ಎಷ್ಟಿವೆ ನೋಡಿ ಎಂದು ಒಂದೊಂದಾಗಿ ತೋರಿಸಿದರಂತೆ. ಒಂದು ಟೈರಿನ ಅಂಗಡಿ ಬಂತು. ಯಾರದೋ ದನದ ಕೊಟ್ಟಿಗೆ ಬಂತು, ಹುಡುಗರು ನಕ್ಕರು. ಆಮೇಲೆ ಒಂದು ಹಿತ್ತಿಲು ಬಂತು. ನೀಲಿ ಡ್ರಮ್ಮು, ತಗಡಿನ ಮರೆ, ತೆರೆದ ಬಾಗಿಲು, ಒಳಗೆ ಗೋಡೆಗೆ ಕಾಲು ಹಚ್ಚಿ ಮಲಗಿದ ಹೆಂಗಸು. ಹುಡುಗರು ಇನ್ನೂ ಜೋರಾಗಿ ನಕ್ಕರು. ಸೋನಲಳಿಗೆ ನನ್ನ ನೈಟಿಯ ಗುರುತು ಸಿಕ್ಕಿತು, ಯಾಕೆಂದರೆ ಅದನ್ನು ಕೊಡಿಸಿದವಳು ಅವಳೇ. ವರಾಂಡಕ್ಕೆ ಓಡಿಬಂದು ಅದೇ ಪುಟವನ್ನು ತನ್ನ ಮೊಬೈಲಿನಲ್ಲಿ ತೆರೆದು ನನಗೆ ಫೋನ್ ಹಚ್ಚಿದ್ದಳು.

"ಅಕ್ಕಾ, ಆ ತಗಡಿನ ಮರಿ ಹಿಂದ ನೀ ತಲಿ ಮ್ಯಾಲ ನೀರ ಹಾಕ್ಕೋತಿ ಅಲ್ಲಾ?"

"ಹೂಂ."

"ಮ್ಯಾಲಿಂದ ಎಲ್ಲಾ ಕಾಣತೈತಿ."

"ಹೂಂ."

"ಅಳಬ್ಯಾಡ."

"ಅಳಾಕತ್ತಿಲ್ಲ," ಎಂದೆ. ಅಳುತ್ತಿದ್ದವಳು ಅವಳು.

ಹೊರಗಿನ ಖೋಲಿ ಎಂದರೆ ಏನೆಂದು ಹೇಳಬೇಕು. ನಮ್ಮದು ಜೈನರ ಮನೆ, ಅತ್ತೆ ಜಿನಮತಿಯವರು ಪದ್ಧತಿಯಲ್ಲಿ ಭಾಳ ಕಟ್ಟುನಿಟ್ಟು. ತಿಂಗಳಿಗೊಮ್ಮೆ ಮುಟ್ಟಾದಾಗ ಹೆಂಗಸರು ಮೂರು ದಿನ ಹಿತ್ತಿಲಿನ ಈ ಖೋಲಿಯಲ್ಲಿ ಕೂಡಬೇಕು, ನಾಲ್ಕನೆಯ ದಿನ ಅಲ್ಲೇ ತಗಡಿನ ಮರೆಯಲ್ಲಿ ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು. ಓದುವವರು ನನ್ನ ಮೇಲೆ ಕನಿಕರ ಪಡುವ ಮೊದಲೇ ಹೇಳಿಬಿಡುತ್ತೇನೆ: ನನಗೆ ಆ ಮೂರು ದಿನ ಹಬ್ಬ. ರೊಟ್ಟಿ ಬಡಿಯುವುದಿಲ್ಲ, ತಲೆ ಮೇಲೆ ಸೆರಗಿಲ್ಲ, ಅದು ಎಲ್ಲಿ ಇದು ಎಲ್ಲಿ ಎಂದು ಕೂಗುವವರಿಲ್ಲ. ಅತ್ತೆ ತಾಟು ಹೊಸ್ತಿಲಾಚೆ ಇಟ್ಟು ಹೋಗುತ್ತಾರೆ. ಗಂಡಸರು ಅತ್ತ ತಲೆ ಹಾಕುವುದಿಲ್ಲ, ತಪ್ಪಿ ಕಣ್ಣಿಗೆ ಬಿದ್ದರೂ ಮುಖ ತಿರುಗಿಸುತ್ತಾರೆ. ಅಕಿವಾಟದ ತವರು ಬಿಟ್ಟು ಈ ಮನೆಗೆ ಬಂದಮೇಲೆ ನನ್ನನ್ನು ಯಾರೂ ನೋಡದ ಜಾಗ ಅದೊಂದೇ.

ಅತ್ತೆಗೆ ಮಾತ್ರ ನಾನು ಚಾಪೆ ಸುತ್ತಿಕೊಂಡು ಹೊರಟರೆ ಮುಖ ಸಪ್ಪಗಾಗುತ್ತದೆ. ನಮಗೆ ಮಕ್ಕಳಾಗಿಲ್ಲ. ಈ ತಿಂಗಳೂ ಇಲ್ಲ ಎಂಬ ಸುದ್ದಿ ಅವರಿಗೆ ತಲುಪುವುದು ಆ ಚಾಪೆಯಿಂದಲೇ.

ಕ್ಯಾಮೆರಾ ಬಂದದ್ದು ಸೂತಿನ, ಅಂದರೆ ನೂಲಿನ, ಕಳ್ಳತನದ ದೆಸೆಯಿಂದ. ನಮ್ಮ ಓಣಿಯ ತುಂಬ ಪಾವರ್‌ಲೂಮು. ಒಂದೆರಡು ಮನೆಯಲ್ಲಿ ನೂಲಿನ ಚೀಲ ಹೋದಮೇಲೆ ಗಂಡಸರೆಲ್ಲ ಕೂಡಿ, ಎಲ್ಲರ ಕ್ಯಾಮೆರಾ ಎಲ್ಲರೂ ನೋಡೋಣ, ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರಿಗೆ ಕಾಣುತ್ತದೆ ಎಂದು ಮಾತಾಡಿಕೊಂಡರು. ಹಿರಿಯರಿಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ, ಘಳಿಗೆಗೊಮ್ಮೆ ನಮ್ಮ ಮನೆಗೆ ಫೋನ್ ಮಾಡಿ ಕೇಳುತ್ತಿದ್ದರು. ಬೇಸತ್ತ ನನ್ನ ಗಂಡ ಅತುಲ, ಕ್ಯಾಮೆರಾ ಹಚ್ಚಿದ ಸ್ವಪ್ನಿಲನಿಗೆ ಹೇಳಿ ಪಾಸ್‌ವರ್ಡನ್ನೇ ತೆಗೆಸಿಬಿಟ್ಟರು. ಎಲ್ಲರಿಗೂ ಅನುಕೂಲವಾಯಿತು.

ಒಂದು ಕ್ಯಾಮೆರಾ ನಮ್ಮ ಮಗ್ಗದ ಶೆಡ್ಡಿನ ಸೂರಿನಡಿ, ಹೊರಗಿನ ಖೋಲಿಗೆ ನೇರ ಎದುರು. ನಾನು ಕೂಡದ ದಿನಗಳಲ್ಲಿ ಆ ಖೋಲಿಯಲ್ಲಿ ಸೂತಿನ ಚೀಲ ಇಡುತ್ತಾರೆ. ಕ್ಯಾಮೆರಾ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದಲ್ಲ. ಅದು ಸೂತು ನೋಡಲಿಕ್ಕೆ ಎಂದಿದ್ದರು, ನಂಬಿದ್ದೆ. ಗಂಡಸರು ಅತ್ತ ನೋಡುವುದಿಲ್ಲ ಎಂಬುದು ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಆ ಖೋಲಿಯೇ ಗಂಡಸರ ಜೇಬಿನಲ್ಲಿರಬಹುದೆಂದು ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ.

ಸಂಜೆ ಅತುಲ ಬಂದಮೇಲೆ ಬಾಗಿಲಲ್ಲಿ ನಿಂತು ಕರೆದೆ. ಹಿತ್ತಿಲ ನಡುವಿನವರೆಗೆ ಬಂದು, ಪದ್ಧತಿ ಪ್ರಕಾರ ನನಗೆ ಬೆನ್ನು ಮಾಡಿ ನಿಂತರು. ಸೋನಲ ಹೇಳಿದ್ದನ್ನೆಲ್ಲ ಅವರ ಬೆನ್ನಿಗೆ ಹೇಳಿದೆ. ಅವರು ಜೇಬಿನಿಂದ ಫೋನ್ ತೆಗೆದು ಒತ್ತಿದರು.

"ಹೌದಲ್ಲ," ಎಂದರು. "ಬಾಗಲಾ ಪೂರಾ ಕಾಣಾಕತ್ತೇತಿ. ನೀ ನಿಂತದ್ದೂ ಕಾಣತೈತಿ."

ಅವರ ಭುಜದ ಮೇಲಿಂದ ನನಗೂ ಕಂಡಿತು. ಬೆನ್ನು ನನ್ನ ಕಡೆ, ಕಣ್ಣು ಫೋನಿನಲ್ಲಿದ್ದ ನನ್ನ ಕಡೆ. ಹಿಂದಕ್ಕೆ ತಿರುಗಬಾರದು ಎಂಬ ನೇಮವನ್ನು ಮಾತ್ರ ಅವರು ಬಿಡಲಿಲ್ಲ.

"ಮೊದಲ ಎಂದೂ ನೋಡಿಲ್ಲೇನ್ರಿ?"

"ನೋಡತಿದ್ದೆ, ಸೂತ ಐತೋ ಇಲ್ಲೋ ಅಂತ. ನೀ ಕಂಡ್ರ ಜಲ್ದಿ ಮುಂದಿನ ಕ್ಯಾಮೆರಾಕ್ಕ ಹೋಗತಿದ್ದೆ."

"ಓಣ್ಯಾಗಿನವರು?"

ಫೋನನ್ನು ಜೇಬಿಗೆ ಹಾಕಿಕೊಂಡರು. "ಅವರೂ ಮುಂದ ಹೋಗಿರತಾರ," ಎಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಹಣೆಗೆ ಕೈ ಹಚ್ಚಿ ಮಗನನ್ನು ಕೇಳಿದರು: "ಹಂಗಂದ್ರ ಮುಂಜಾನೆ ಹೊರಗ ಕೂತಾಕಿನ್ನ ನೋಡಿ, ಹಂಗ ಬಸ್ತಿಗೆ ಹೋಗಿ ಅಭಿಷೇಕ ಮಾಡಿಯೇನೊ?"

ಅತುಲ ತಲೆ ತಗ್ಗಿಸಿದರು. ಮರುದಿನ ಬಸದಿಗೆ ಹೋಗಿ ಪ್ರಾಯಶ್ಚಿತ್ತ ತೆಗೆದುಕೊಂಡು, ಕೆಲವು ತಿಂಗಳ ಮಟ್ಟಿಗೆ ತುಪ್ಪ ಬಿಟ್ಟರು. ನೋಡಿದ್ದಕ್ಕೆ ಆ ಪ್ರಾಯಶ್ಚಿತ್ತ. ತೋರಿಸಿದ್ದಕ್ಕೆ ಯಾವುದೂ ಇದ್ದಂತೆ ಕಾಣಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲೆಂದು ಕಾದೆ ಕೂಡ. ಕೈಕಾಲು ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ ಮತ್ತೆ ಮತ್ತೆ ಅದನ್ನೇ ನೆನೆದು ನೋಡಿದೆ. ಏನೂ ಆಗಲಿಲ್ಲ.

ಸ್ವಪ್ನಿಲ ಬಂದು ಪಾಸ್‌ವರ್ಡ್ ಹಾಕಿದ, ಏಣಿ ಹತ್ತಿ ಕ್ಯಾಮೆರಾವನ್ನು ಶೆಡ್ಡಿನ ಶಟರಿನ ಕಡೆ ತಿರುಗಿಸಿದ. ಇಷ್ಟು ದಿನ ಹೊರಗೆ ಹೋದ ಚಿತ್ರಗಳ ಗತಿ ಏನು ಎಂದು ಕೇಳಿದೆ.

"ಝಾಲ ತೇ ಝಾಲ, ವೈನಿ. ಹೋದದ್ದು ಹೋತು," ಎಂದ. "ಯಾರರೆ ಇಟಗೊಂಡಿದ್ರ ಅದನ್ನ ಹ್ಯಾಂಗ ತರೂದು?"

ಕೊಲ್ಲಾಪುರಕ್ಕೆ ಹೋಗಿ ಪೊಲೀಸರಿಗೆ ದೂರು ಕೊಡೋಣ ಎಂದು ಸೋನಲ ದಿನಾಲೂ ಫೋನಿನಲ್ಲಿ ಹೇಳಿದಳು. ದೂರು ಕೊಟ್ಟರೆ ಅವರಿಗೂ ಅದನ್ನು ತೋರಿಸಬೇಕಾಗುತ್ತದೆ ಎಂದರು ಅತುಲ. ನಾನು ಇಬ್ಬರಿಗೂ ಹೂಂ ಅಂದೆ. ಹಾಲು ತರಲು ಓಣಿಯಲ್ಲಿ ಹೋದರೆ ಗಂಡಸರು ಮೊದಲಿನಂತೆಯೇ "ಜೈ ಜಿನೇಂದ್ರ, ವೈನಿ" ಅನ್ನುತ್ತಿದ್ದರು. ಮೊದಲಿಗಿಂತ ಬೇಗ ನೆಲ ನೋಡುತ್ತಿದ್ದರು. ಇವರಲ್ಲಿ ಯಾರು ಮುಂದೆ ಹೋಗಿದ್ದರು, ಯಾರು ನಿಂತು ನೋಡಿದ್ದರು ಎಂದು ಮೊದಮೊದಲು ಮುಖ ನೋಡುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ.

ಮುಂದಿನ ತಿಂಗಳು ದಿನ ತಪ್ಪದೆ ಬಂತು. ಚಾಪೆ ಸುತ್ತಿ ಹಿತ್ತಿಲ ಬಾಗಿಲವರೆಗೆ ಹೋದೆ. ಕ್ಯಾಮೆರಾದ ಮುಖ ಆ ಕಡೆ ಇತ್ತು. ಸೂತಿನ ಚೀಲಗಳನ್ನು ಶೆಡ್ಡಿಗೆ ಸಾಗಿಸಿದ್ದರಿಂದ ಖೋಲಿ ಖಾಲಿ ಇತ್ತು, ನೀಲಿ ಡ್ರಮ್ಮಿನ ತುಂಬ ನೀರಿತ್ತು. ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಚಾಪೆಯನ್ನು ಮೊದಲಿನ ಜಾಗದಲ್ಲೇ ಇಟ್ಟು, ಅಡುಗೆಮನೆಗೆ ಬಂದು ಹಿಟ್ಟು ನಾದಿದೆ. ರೊಟ್ಟಿ ಬಡಿದೆ, ಎಲ್ಲರಿಗೂ ನೀಡಿದೆ, ದೇವರ ಖೋಲಿಯ ಕಸ ಹೊಡೆದೆ. ಹೊಟ್ಟೆ ಹಿಂಡುತ್ತಿತ್ತು, ಸೊಂಟ ಕಡಿಯುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಚಿಕ್ಕಂದಿನಿಂದ ಪಾಲಿಸಿದ ನೇಮ ಮುರಿದೆನಲ್ಲ, ಎದೆಯಾದರೂ ಹೊಡೆದುಕೊಂಡೀತು ಅಂದುಕೊಂಡಿದ್ದೆ. ಅದೂ ಆಗಲಿಲ್ಲ. ನನ್ನದು ಅಂತ ಇದ್ದ ಆ ಮೂರು ದಿನ ಹೋದವು, ಅಷ್ಟೇ.

ಅದರ ಮುಂದಿನ ತಿಂಗಳೂ ಹಾಗೆಯೇ ಮಾಡಿದೆ.

ಆ ತಿಂಗಳು ಒಂದು ಮಧ್ಯಾಹ್ನ ಅತ್ತೆ ಒಲೆಯ ಮುಂದಿನಿಂದ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ಏಳು. ನಾ ಬಡೀತೇನಿ ರೊಟ್ಟಿ. ನೀ ಮೊದಲ ಉಣ್ಣು."

ಈ ಮನೆಯಲ್ಲಿ ನಾನು ಎಲ್ಲರಿಗಿಂತ ಮೊದಲು ಉಂಡದ್ದಿಲ್ಲ. ತಾಟಿನ ಮುಂದೆ ಕೂತೆ. ಅತ್ತೆ ಬಿಸಿ ಅನ್ನ ಬಡಿಸಿ, ಮಗ ಬಿಟ್ಟ ತುಪ್ಪದ ಡಬ್ಬಿ ತಂದು, ಅನ್ನ ಮುಳುಗುವಷ್ಟು ಸುರಿದರು. ಎದುರಿಗೆ ಕೂತು ನನ್ನ ಮುಖ ನೋಡಿದರು. ಮದುವೆಯಾದ ಮೇಲೆ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಎರಡ ತಿಂಗಳಾತು, ನೀ ಹೊರಗ ಕೂತಿಲ್ಲ," ಎಂದರು ಮೆಲ್ಲಗೆ. "ನಾ ಏನ ಕೇಳೂದಿಲ್ಲ. ನೀನೂ ಈಗ ಯಾರಿಗೂ ಹೇಳಬ್ಯಾಡ, ಸೋನಲಗೂ. ಮಂದಿ ದೃಷ್ಟಿ ಛಲೋ ಇರೂದಿಲ್ಲ."

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎದ್ದುಹೋಗಿ ಹಿತ್ತಿಲ ಕಡೆಯ ಕಿಟಕಿ ಮುಚ್ಚಿದರು, ಚಿಲಕ ಹಾಕಿದರು, ಬಂದು ನನ್ನ ತಲೆ ಸವರಿದರು.

ನಾನು ಅನ್ನ ಕಲೆಸಿ ಉಂಡೆ. ಅದು ನನ್ನ ಮುಟ್ಟಿನ ಎರಡನೆಯ ದಿನ.