ಪರೀಕ್ಷೆಗೆ ಹೋದ ಸಂದು

ಮಗಳ ಮನೆಯ ಗೋಡೆ ಚಳಿಗಾಲದಲ್ಲಿ ಬೆವರುತ್ತದೆ. ಗೋಡೆಯೆಲ್ಲ ಅಲ್ಲ, ಎರಡು ಪ್ಯಾನೆಲ್ ಕೂಡುವ ಸಂದು ಮಾತ್ರ. ನೆಲದಿಂದ ಸೂರಿನವರೆಗೆ ಕಪ್ಪು ಬೂಷ್ಟಿನ ಗೆರೆ. ಅದರ ಪಕ್ಕದಲ್ಲೇ ಮೊಮ್ಮಗಳ ಮಂಚ. ಇರುವುದೊಂದೇ ಕೋಣೆ, ಸರಿಸುವುದಾದರೂ ಎಲ್ಲಿಗೆ? ಕೂಸಿಗೆ ಕೆಮ್ಮು ಬಿಡುತ್ತಿಲ್ಲ.

ಮಗಳು ದೂರು ಕೊಟ್ಟಳು. ಕಟ್ಟಡ ಕಟ್ಟಿದ ಕಂಪನಿಯ ಇಂಜಿನಿಯರು ಬಂದ. ಗೋಡೆ ಮುಟ್ಟಲಿಲ್ಲ, ಕಾಗದ ತೋರಿಸಿದ.

"ನೋಡಮ್ಮ, ಇದು ಪರೀಕ್ಷೆ ಆಗಿರೋ ಸಂದು. ಚಳಿ ನುಸುಳೋದಿಲ್ಲ. ಅಡುಗೆ ಹಬೆ ಹೊರಗೆ ಬಿಡಿ, ಸಾಕು."

"ನಾನೇನು ಹೋಟೆಲ್ ನಡೆಸ್ತಿದೀನಾ? ಇರೋದು ನಾಲ್ಕು ಹೊಟ್ಟೆ!"

ನನ್ನ ಓದು ಮೂರನೇ ಕ್ಲಾಸು. ಆದರೆ ಕಾಗದದ ಮೇಲಿನ ಫೋಟೊ ಗುರುತು ಹತ್ತಿತು. ಹನ್ನೊಂದು ವರ್ಷದ ಹಿಂದೆ ಪರೀಕ್ಷೆಗೆಂದು ಆ ಸಂದು ಕೂಡಿಸಿದವನು ನಾನೇ. "ಅವಸರ ಬೇಡ ಯಜಮಾನ್ರೆ" ಅಂದಿದ್ದರು ಕಂಪನಿಯವರು. ಎರಡು ದಿನ ಹಿಡಿಯಿತು. ಅಂಚು ಒರೆಸಿ, ಒಂದು ಡಬ್ಬಿ ಫೋಮ್ ಪೂರ್ತಿ ತುಂಬಿ, ಉಬ್ಬಿ ಒಣಗುವ ತನಕ ಕಾದು ಟೇಪು ಹಾಕಿದೆ. ಒಂದು ಕಡೆ ಚಳಿ, ಇನ್ನೊಂದು ಕಡೆ ಬಿಸಿ ಇಟ್ಟು ಅಳೆದರು, ಬೆನ್ನು ತಟ್ಟಿದರು. ಆಮೇಲೆ ಕಟ್ಟಡಗಳಲ್ಲಿ ದಿನಕ್ಕೆ ಮೂವತ್ತು ಸಂದು, ಆರು ಸಂದಿಗೆ ಒಂದು ಡಬ್ಬಿ.

"ಸ್ವಾಮಿ, ಫೋಟೊದಲ್ಲಿರೋದು ನನ್ನ ಕೈಕೆಲಸ. ಈ ಗೋಡೆಯೊಳಗೆ ಅದಿಲ್ಲ. ಬಿಚ್ಚಿ ನೋಡಿ, ಬರೀ ಗಾಳಿ."

"ಹಾಗಾದ್ರೆ ಕೂಡಿಸಿದವನ ತಪ್ಪು." ಅವನು ಪೆನ್ನು ತೆಗೆದ. "ಈ ಮಹಡಿ ಮಾಡಿದ್ದು ಯಾರು? ಹೇಳಿ, ನಾಳೆನೇ ಗೋಡೆ ಬಿಚ್ಚಿಸ್ತೀನಿ. ಅವನನ್ನ ಕೆಲಸದಿಂದ ಕಿತ್ತುಹಾಕ್ತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಡಿದ್ದು ನನ್ನ ಅಳಿಯ. ಬಾಗಿಲ ಹತ್ತಿರ ನಿಂತು ಉಗುರಿಗಂಟಿದ ಫೋಮ್ ಕೆರೆಯುತ್ತಿದ್ದ. ಮಗಳು ನನ್ನನ್ನೇ ನೋಡಿದಳು. ನಾನು ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು, ನನ್ನನ್ನು ಎಲ್ಲಿಂದ ಕೀಳುತ್ತಾರೆ?

"ನಾನೇ ಮಾಡಿದ್ದು" ಅಂದೆ.

ಇಂಜಿನಿಯರು ನಕ್ಕ. "ಪರೀಕ್ಷೇಲಿ ಗೆದ್ದ ಕೈಯೇ ಇಲ್ಲೂ ಕೆಲಸ ಮಾಡಿದೆ ಅಂತ ನೀವೇ ಹೇಳಿದ್ರಿ. ಇನ್ನು ಬಿಚ್ಚಿಸೋದು ಯಾಕೆ, ಯಜಮಾನ್ರೆ?" ಅಡುಗೆಯ ಹಬೆಯೇ ಕಾರಣ ಅಂತ ಬರೆದು, ನನ್ನಿಂದಲೇ ರುಜು ಹಾಕಿಸಿಕೊಂಡು ಹೋದ.

ಅಳಿಯ ತಲೆ ಎತ್ತಲಿಲ್ಲ. ಕೂಸು ಕೆಮ್ಮಿತು. ಮಗಳು ಒದ್ದೆ ಬಟ್ಟೆ ನನ್ನ ಕೈಗಿಟ್ಟಳು.

"ನಿನ್ನ ಗೋಡೆ ಅಲ್ವಾ ಅಪ್ಪ? ಒರೆಸು."