ನೀರು ಮಲಗಿದಾಗ ದಾಟಿದ ಮಲ್ಕಮ್ಮ

ಅಕ್ಕಂದಿರೆ, ತಂಗಿಯರೆ, ಕೈಯಲ್ಲಿನ ಕೆಲಸ ಒಂದಿಷ್ಟು ಬದಿಗಿಟ್ಟು ಹತ್ತಿರ ಬನ್ನಿ. ನೀರಿನ ನಡುವೆ ಇರುವ ಒಂದು ಊರಿನ ಕಥೆ ಹೇಳುತ್ತೇನೆ.

ಕಮಲಾಪುರದ ಆಚೆ, ಡ್ಯಾಮಿನ ಹಿನ್ನೀರಿನಲ್ಲಿ, ಗಂಗಮ್ಮನ ಗಡ್ಡಿ ಎಂಬ ದಿಬ್ಬವಿದೆ. ಡ್ಯಾಮು ತುಂಬಿದಾಗ ಸುತ್ತಲಿನ ಹೊಲಗಳೆಲ್ಲ ಮುಳುಗಿ ಈ ದಿಬ್ಬ ಮಾತ್ರ ಉಳಿಯಿತು. ಭೀಮಾ ನದಿಯ ದಂಡೆಯಿಂದ ಮೀನು ಹಿಡಿಯಲು ಬಂದ ಕೆಲವು ಮನೆಯವರು ಅಲ್ಲಿಯೇ ಗುಡಿಸಲು ಹಾಕಿಕೊಂಡರು. ನಸುಕಿನಲ್ಲಿ ನೋಡಿದರೆ ಊರು ನೀರಿನ ಮೇಲಿದೆಯೋ ಮೋಡದ ಮೇಲಿದೆಯೋ ತಿಳಿಯುವುದಿಲ್ಲ. ನೋಡಲು ಚೆಂದ, ಇರಲು ಕಷ್ಟ. ಅಲ್ಲಿ ಲೈಟಿಲ್ಲ, ಅಂಗಡಿಯಿಲ್ಲ, ದವಾಖಾನೆಯಂತೂ ಇಲ್ಲವೇ ಇಲ್ಲ. ಹಿಡಿ ಉಪ್ಪು ಬೇಕಾದರೂ ಹರಗೋಲು ಹತ್ತಬೇಕು. ಹರಗೋಲೆಂದರೆ ಏನು, ಡಾಂಬರು ಬಳಿದ ದೊಡ್ಡದೊಂದು ಬಿದಿರಿನ ಬುಟ್ಟಿ. ಗಾಳಿ ಎದ್ದರೆ ಅದು ಮುಂದೆ ಹೋಗುವುದಿಲ್ಲ, ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ.

ಆ ಊರಿನವರು ಭೀಮಾ ದಂಡೆಯಿಂದ ಬರುವಾಗ ಬಲೆಯ ಜೊತೆಗೆ ಒಂದು ಕಟ್ಟಳೆಯನ್ನೂ ತಂದಿದ್ದರು. ಏಳು ತಿಂಗಳು ತುಂಬಿದ ಬಸುರಿ ನೀರು ದಾಟಬಾರದು, ದಾಟಿದರೆ ಗಂಗಮ್ಮ ಮುನಿಯುತ್ತಾಳೆ. ಈ ಕಟ್ಟಳೆಯನ್ನು ಕಾಯುವವಳು ಪುತಳಾಬಾಯಿ. ಅಬ್ಬಬ್ಬಾ, ಏನು ಬಾಯಿ ಅಂತೀರಿ! ಆಕೆ ಗಡ್ಡಿಯ ಮೇಲೆ ಕೂಗಿದರೆ ಆಚೆ ದಂಡೆಯ ನಾಯಿ ಎದ್ದು ಕೂರುತ್ತಿತ್ತು.

ಆಕೆಯ ಕಿರಿಯ ಸೊಸೆ ಮಲ್ಕಮ್ಮನಿಗೆ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಬಸುರಿ. ಬಟ್ಟೆ ಒಗೆಯಲು ಹೋದವಳು ಒಗೆಯುವುದನ್ನು ಮರೆತು ನೀರನ್ನೇ ನೋಡುತ್ತ ಕೂರುತ್ತಿದ್ದಳು. ನೀರು ಇಳಿದ ದಿನಗಳಲ್ಲಿ ಕೆಳಗೆ ಮುಳುಗಿದ ಬೇವಿನ ಮರ ಕಾಣುತ್ತಿತ್ತು, ಅದರ ಟೊಂಗೆಗಳ ನಡುವೆ ಹಕ್ಕಿಗಳ ಬದಲು ಮೀನುಗಳು ಓಡಾಡುತ್ತಿದ್ದವು.

ಕಾರಹುಣ್ಣಿಮೆ ಹತ್ತಿರ ಬಂದಾಗ ಕಮಲಾಪುರದ ಕಡೆಯಿಂದ ನರ್ಸ್ ಮಸ್ತಾನಬಿ ಗಡ್ಡಿಗೆ ಬಂದಳು. ಹರಗೋಲು ಹತ್ತಿದರೆ ಪಾಪ ಆಕೆಗೆ ತಲೆ ತಿರುಗಿ ವಾಂತಿ. ಮುಖ ತೊಳೆದುಕೊಂಡು, ಮಲ್ಕಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿದಳು.

"ಯಮ್ಮಾ, ಈಕಿ ಮೈಯಾಗ ರಕ್ತ ಕಮ್ಮಿ ಅದ. ಕಾಲು ಬಾತಾವ. ಕಾರಹುಣ್ಣಿವಿ ಗಾಳಿ ಏಳೋದ್ರಾಗ ಕಮಲಾಪುರಕ್ಕ ಕರಕೊಂಡು ಬರ್ರಿ. ಹೆರಿಗಿ ದವಾಖಾನ್ಯಾಗ ಆಗಲಿ."

ಪುತಳಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬಸುರೀನ ಹರಗೋಲು ಹತ್ತಸೋದಾ? ಬಿಡ್ತು ಅನ್ನು! ನೀನ ವಾಂತಿ ಮಾಡ್ಕೋತ ಬರ್ತಿ, ತುಂಬಿದ ಬಸುರಿ ಹೆಂಗ ಬರ್ತಾಳ?"

"ವಾಂತಿ ಮಾಡ್ಕೊಂಡರೂ ಬರ್ತೀನಲ್ಲ ಯಮ್ಮಾ! ನನ್ನ ಸಲುವಾಗಿ ಬರ್ತೀನೇನು?"

ಪುತಳಾಬಾಯಿಯ ದನಿ ಇಳಿಯಿತು. "ನಮ್ಮ ಮರೆಮ್ಮ ಹೆಂಗ ಸತ್ತಳು, ನಿನಗ ಗೊತ್ತದ. ನೀರಿನ ನಡುವ ಸತ್ತಳು. ನೀರು ದಾಟಿಸಿದ್ದಕ್ಕ ಗಂಗಮ್ಮ ಒಯ್ದಳು."

ಮರೆಮ್ಮ ಹಿರಿಯ ಸೊಸೆ. ಹೋದ ಮಳೆಗಾಲದಲ್ಲಿ ಗುಡಿಸಲಿನಲ್ಲೇ ಹೆತ್ತಳು. ಕೂಸು ಉಸಿರಾಡಲಿಲ್ಲ, ಅವಳ ರಕ್ತ ನಿಲ್ಲಲಿಲ್ಲ. ಆಗ ಗಾಬರಿಯಾಗಿ ಹರಗೋಲಿಗೆ ಹಾಕಿದರು. ಗಾಳಿಗೆ ಹರಗೋಲು ತಿರುಗಿತು, ದಂಡೆ ಕಾಣುತ್ತಿದ್ದರೂ ಕೈಗೆ ಸಿಗಲಿಲ್ಲ.

ಮಸ್ತಾನಬಿ ಪುತಳಾಬಾಯಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು. "ದಾಟಿದ್ದಕ್ಕ ಸಾಯಲಿಲ್ಲ ಯಮ್ಮಾ. ತಡಾ ಮಾಡಿ ದಾಟಿದ್ದಕ್ಕ ಸತ್ತಳು. ಮದ್ಲೇ ಆ ದಂಡ್ಯಾಗ ಇದ್ದಿದ್ರ ದಾಟೋ ಮಾತೇ ಇರ್ತಿರಲಿಲ್ಲ."

"ಹೋಗು, ಹೋಗು, ಗಾಳಿ ಎದ್ದೀತು," ಎಂದು ಪುತಳಾಬಾಯಿ ಆಕೆಯನ್ನು ಎಬ್ಬಿಸಿ ಕಳಿಸಿದಳು. ಆದರೆ ಅಂದು ರೊಟ್ಟಿ ತಟ್ಟುವಾಗ ಆಕೆಯ ಬಾಯಿ ಸುಮ್ಮನಿತ್ತು.

ಆ ಸಂಜೆ ಮೊದಲ ದೊಡ್ಡ ಮಳೆ ಬಂತು. ನಸುಕಿನಲ್ಲಿ ಮಲ್ಕಮ್ಮ ಕಣ್ಣೊರೆಸಿಕೊಳ್ಳುತ್ತ ಒಲೆಯ ಹತ್ತಿರ ಬಂದಳು.

"ಅತ್ತೀ, ಕನಸು ಬಿತ್ರಿ. ಆ ದಂಡ್ಯಾಗ ಮರೆಮ್ಮಕ್ಕ ನಿಂತಿದ್ಲು, ಹಸಿರು ಸೀರಿ ಉಟ್ಕೊಂಡು. ನೀರು ಮಲಗ್ಯಾದ, ಈಗ ಬಾರವ್ವಾ, ಎದ್ದ ಮ್ಯಾಗ ಬರಬ್ಯಾಡ ಅಂದ್ಲು."

ಮಲ್ಕಮ್ಮ ಅತ್ತೆಯ ಸೆರಗು ಹಿಡಿದಳು.

"ನನಗ ಅಂಜಿಕಿ ಬರ್ತದ ಅತ್ತೀ. ನನಗ ಬದುಕಬೇಕು. ಕೂಸಿನ ಮುಖ ನೋಡಬೇಕು."

ಪುತಳಾಬಾಯಿ ಕೊಡ ತೆಗೆದುಕೊಂಡು ನೀರಿಗೆ ನಡೆದಳು. ಆಕೆಯ ಮಗ, ಮಲ್ಕಮ್ಮನ ಗಂಡ ಯಂಕಪ್ಪ, ಮೊಣಕಾಲುದ್ದ ನೀರಿನಲ್ಲಿ ಬಲೆ ಹಿಡಿದು ನಿಂತಿದ್ದ. ಮಳೆಗೆ ಮುಳುಗಿದ ಹುಲ್ಲಿನಲ್ಲಿ ಹೊಟ್ಟೆ ತುಂಬಿದ ಮೀನುಗಳು ಪಳಪಳ ಹೊರಳಾಡುತ್ತಿದ್ದವು. ಕೈ ಹಾಕಿದರೆ ಸಿಗುವಷ್ಟು ಹತ್ತಿರ.

"ಏ ಯಂಕ್ಯಾ, ಬಲೆ ಬೀಸಬ್ಯಾಡ! ಬಸುರಿ ಮೀನವು. ತತ್ತಿ ಇಡಾಕ ಬಂದಾವ, ಬಿಡು."

"ಬಿಟ್ಟೀನಿ ಅವ್ವಾ," ಎಂದ ಯಂಕಪ್ಪ. ಬಲೆಯನ್ನು ಹೆಗಲಿಗೆ ಹಾಕಿಕೊಂಡ. "ಮೀನ ಸೈತ ಆಳ ಬಿಟ್ಟು ದಂಡಿಗೆ ಬರ್ತಾವ. ನಾವು ನಮ್ಮ ಬಸುರೀನ ನೀರಿನ ನಡುವ ಇಟ್ಕೊಂಡು ಕುಂತೀವಿ."

ಪುತಳಾಬಾಯಿ ಕೊಡವನ್ನು ಹಾಗೇ ದಡದ ಮೇಲೆ ಇಟ್ಟಳು. ಎಷ್ಟೋ ವರ್ಷದಿಂದ ಗೊತ್ತಿದ್ದ ಮಾತು ಈಗ ಕಿವಿಗೆ ಬಿದ್ದಂತಾಯಿತು.

"ಖರೇ ಅದಪ್ಪಾ," ಎಂದಳು. "ಭೀಮಾ ದಂಡ್ಯಾಗ ನಮ್ಮ ಮನಿ ಇತ್ತು. ದವಾಖಾನಿಗೆ ನೆಲದ ಮ್ಯಾಗ ಬಂಡಿ ಹೋಗ್ತಿತ್ತು. ತುಂಬಿದ ಹೊಳಿ ಸುಮ್ಮಸುಮ್ಮನ ದಾಟಬ್ಯಾಡ ಅಂತ ಹಿರೇರು ಅಂದ್ರು. ಇಲ್ಲಿ ನೀರೇ ಹಾದಿ. ನಾವು ಹಾದೀನೇ ಮುಚ್ಚಿ ಕುಂತೆವಲ್ಲೋ!"

ಮತ್ತೆ ಶುರುವಾಯಿತು ನೋಡಿ ಆಕೆಯ ಬಾಯಿ. ಚಾದರ ತಾ, ಕೌದಿ ತಾ, ಗಾಳಿ ಮಲಗಿದೆ ಎದ್ದೇಳಿ! ಗಂಗಮ್ಮನಿಗೆ ಅರಿಶಿನ ಕುಂಕುಮ ಬಿಟ್ಟು, ಸೊಸೆಯನ್ನು ಹರಗೋಲಿನಲ್ಲಿ ಕೌದಿಯ ಮೇಲೆ ಕೂರಿಸಿ, ತಾನೂ ಹತ್ತಿದಳು. ಯಂಕಪ್ಪ ಹುಟ್ಟು ಹಾಕಿದ. ನೀರು ಕನ್ನಡಿಯ ಹಾಗಿತ್ತು. ಮುಳುಗಿದ ಬೇವಿನ ಮರದ ಮೇಲೆ ಹರಗೋಲು ಮೆಲ್ಲಗೆ ಹೋಗುವಾಗ ಮಲ್ಕಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

ಕಮಲಾಪುರದಲ್ಲಿ ಪುತಳಾಬಾಯಿಯ ತಂಗಿಯ ಮನೆಯಿತ್ತು. ಅಲ್ಲಿ ಇಳಿದುಕೊಂಡರು. ಮಸ್ತಾನಬಿ ಬಂದು ರಕ್ತ ಹೆಚ್ಚುವ ಗುಳಿಗೆ ಕೊಟ್ಟಳು. ಕಾರಹುಣ್ಣಿಮೆಯ ಗಾಳಿ ಎದ್ದೇ ಎದ್ದಿತು. ಆ ಗಾಳಿಯಲ್ಲೇ ಮಲ್ಕಮ್ಮನಿಗೆ ನೋವು ಬಂತು, ಕಮಲಾಪುರದ ದವಾಖಾನೆಗೆ ಸೇರಿಸಿದರು. ಹೆರಿಗೆಯ ಬ್ಯಾನೆ ತಿನ್ನುತ್ತಿರುವಾಗಲೇ ರಕ್ತ ಹೋಗಲು ಶುರುವಾಯಿತು, ಮರೆಮ್ಮನಿಗೆ ಹೋದ ಹಾಗೆಯೇ.

ಆದರೆ ಇಲ್ಲಿ ಕಾಲ ಕೆಳಗೆ ನೆಲವಿತ್ತು. ಕಮಲಾಪುರದಲ್ಲಿ ರಕ್ತ ಏರಿಸಲು ಆಗದೆಂದು ಮಸ್ತಾನಬಿ ಜೀಪು ಕರೆಸಿದಳು. ಜೀಪು ಕಲಬುರ್ಗಿಯ ದೊಡ್ಡ ದವಾಖಾನೆಗೆ ಓಡಿತು. ಜಗತ್ ಸರ್ಕಲ್ಲಿನ ಗದ್ದಲದಲ್ಲಿ ಪುತಳಾಬಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸರೀರಪ್ಪೋ, ಹಾದಿ ಬಿಡ್ರಿ, ನನ್ನ ಸೊಸಿ ಹಡೀಲಾಕ ಹೊಂಟಾಳ!" ಎಂದು ಕೂಗಿದಳು. ಗಡ್ಡಿಯ ಆ ಬಾಯಿ ಪೇಟೆಯಲ್ಲಿ ಕೆಲಸಕ್ಕೆ ಬಂತು. ಆಟೋದವರು ಸರಿದು ನಿಂತರು.

ದವಾಖಾನೆಯಲ್ಲಿ ಯಂಕಪ್ಪ ರಕ್ತ ಕೊಟ್ಟ. ಸಂಜೆಗೆ ಹೆಣ್ಣು ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ಮಲ್ಕಮ್ಮನೂ ಕಣ್ಣು ತೆರೆದು, "ಎಲ್ಲಿ, ತೋರಿಸ್ರಿ" ಎಂದಳು.

ಕೂಸನ್ನು ತಾಯಿಯ ಮಗ್ಗುಲಿಗೆ ಮಲಗಿಸಿ ಪುತಳಾಬಾಯಿ ಹೊರಗೆ ಬಂದಳು. ಬಾಗಿಲಲ್ಲಿ ನಿಂತಿದ್ದ ಮಸ್ತಾನಬಿಯ ಕೈ ಹಿಡಿದಳು.

"ಒಂದು ಮಾತು ಖರೇ ಹೇಳವ್ವಾ. ನಮ್ಮ ಮರೆಮ್ಮನೂ ಹಿಂಗ ಮದ್ಲೇ ಬಂದಿದ್ರ..."

ಮಸ್ತಾನಬಿ ಸುಳ್ಳು ಹೇಳಲಿಲ್ಲ. "ಬದುಕತಿದ್ಲು ಯಮ್ಮಾ."

ಊರಿಗೇ ಕೇಳಿಸುವ ಆ ಬಾಯಿಯಿಂದ ಒಂದು ದನಿಯೂ ಬರಲಿಲ್ಲ. ನರ್ಸಿನ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಈಗಲೂ ಗಡ್ಡಿಯಲ್ಲಿ ಕಟ್ಟಳೆಯಿದೆ, ಅದನ್ನು ಕಾಯುವವಳೂ ಪುತಳಾಬಾಯಿಯೇ. ಆದರೆ ಕಟ್ಟಳೆ ತಿರುಗಿದೆ. "ಒಂಬತ್ತನೇ ತಿಂಗಳು ಬಿತ್ತೋ, ಬಸುರಿ ಈ ದಂಡ್ಯಾಗ ಇರಬಾರದು, ಆ ದಂಡ್ಯಾಗ ಇರಬೇಕು" ಎಂದು ಮನೆಮನೆಗೆ ಹೋಗಿ ಕೂಗುತ್ತಾಳೆ. ಆಕೆಯ ಬಾಯಿಗೆ ಎದುರಾಡುವವರು ಯಾರು ಹೇಳಿ!

ಅಕ್ಕಂದಿರೆ, ನಿಮ್ಮ ಊರು ನಡುಗಡ್ಡೆಯಲ್ಲ ನಿಜ. ಆದರೆ ಮಳೆಗೆ ತುಂಬುವ ಹಳ್ಳ ನಿಮ್ಮೂರಿಗೂ ಇದ್ದೀತು. ಬಸ್ಸು ಬಾರದ ತಾಂಡಾ ಇದ್ದೀತು, ಕೆಸರಾಗುವ ಹಾದಿ ಇದ್ದೀತು. ಬಸುರಾದ ಕೂಡಲೇ ನರ್ಸಿನ ಹತ್ತಿರ ಹೋಗಿ ತೋರಿಸಿ. ಕೊಟ್ಟ ಗುಳಿಗೆ ನುಂಗಿ. ದಿನ ತುಂಬುವ ಮೊದಲೇ ದವಾಖಾನೆಯ ಹತ್ತಿರದ ನೆಂಟರ ಮನೆ ಸೇರಿಕೊಳ್ಳಿ. ರಕ್ತ ಕೊಡುವವರು ಯಾರು, ಗಾಡಿ ಯಾರದು ಎಂದು ಮೊದಲೇ ಮಾತಾಡಿಡಿ. ಅತ್ತೆಯರೆ, ಸೊಸೆ ಅಂಜಿಕೆ ಎಂದರೆ ಬೈಯಬೇಡಿ, ಕೇಳಿ.

ಮರೆಮ್ಮ ಬಂದು ಎಲ್ಲರ ಕನಸಿನಲ್ಲೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ನೀರು ಮಲಗಿದಾಗಲೇ ದಾಟಿರವ್ವಾ.